ಒಂದು ಹಿತ್ತಾಳೆಯ ನಟ್ಟು

1968ರ ಮೇ 16. ಬೆಳಗಿನ ಆರು ಗಂಟೆಗೆ ಇನ್ನೂ ಕಾಲು ಗಂಟೆ ಇತ್ತು. ಪೂರ್ವ ಲಂಡನ್ನಿನಲ್ಲಿ ಎರಡು ತಿಂಗಳ ಹಿಂದಷ್ಟೇ ವಾಸಕ್ಕೆ ತೆರೆದಿದ್ದ ರೋನನ್ ಪಾಯಿಂಟ್ ಎಂಬ 22 ಮಹಡಿಗಳ ವಸತಿ ಕಟ್ಟಡ. ಅದರ 18ನೇ ಮಹಡಿಯ ಮನೆಯೊಂದರಲ್ಲಿ ಒಬ್ಬ ಮಹಿಳೆ ಎದ್ದು, ಚಹಾಕ್ಕೆ ನೀರಿಡಲೆಂದು ಅಡುಗೆಮನೆಗೆ ಹೋಗಿ ಬೆಂಕಿಕಡ್ಡಿ ಗೀರಿದರು. ರಾತ್ರಿಯೆಲ್ಲ ಸೋರಿ ಮನೆಯೊಳಗೆ ತುಂಬಿದ್ದ ಅನಿಲ ಸ್ಫೋಟಿಸಿತು. ಮೂಲೆಯ ಗೋಡೆಗಳು ಹೊರಕ್ಕೆ ಹಾರಿಹೋದವು. ಅವುಗಳ ಆಸರೆಯಲ್ಲಿ ನಿಂತಿದ್ದ ಮೇಲಿನ ನಾಲ್ಕು ಮಹಡಿಗಳ ಮೂಲೆ ಕೆಳಗೆ ಕುಸಿಯಿತು. ಆ ಭಾರಕ್ಕೆ ಅದರ ಕೆಳಗಿನದು, ಅದರ ಭಾರಕ್ಕೆ ಮತ್ತೂ ಕೆಳಗಿನದು. ಹೀಗೆ ಕಟ್ಟಡದ ಒಂದು ಇಡೀ ಮೂಲೆ ಬುಡದವರೆಗೆ ಕಳಚಿಬಿತ್ತು. ನಾಲ್ವರು ಸತ್ತರು, 17 ಮಂದಿ ಗಾಯಗೊಂಡರು. ಬಿದ್ದದ್ದು ಹೆಚ್ಚಾಗಿ ಹಜಾರಗಳ ಸಾಲು, ಆ ಹೊತ್ತಿನಲ್ಲಿ ಜನ ಮಲಗುವ ಕೋಣೆಗಳಲ್ಲಿದ್ದರು. ಸಾವಿನ ಸಂಖ್ಯೆ ಅಷ್ಟಕ್ಕೇ ನಿಂತದ್ದು ಅದರಿಂದ. ಕಡ್ಡಿ ಗೀರಿದ ಮಹಿಳೆಯೂ ಬದುಕುಳಿದರು.

ಸರ್ಕಾರ ಹ್ಯೂ ಗ್ರಿಫಿತ್ಸ್ ಎಂಬ ಹಿರಿಯ ವಕೀಲರ ನೇತೃತ್ವದಲ್ಲಿ ವಿಚಾರಣೆ ನಡೆಸಿತು. ಆ ಮಹಿಳೆಯ ಕಿವಿಯ ತಮಟೆ ಹರಿದಿರಲಿಲ್ಲ. ಅಂದರೆ ಸ್ಫೋಟ ಭಾರಿಯದೇನೂ ಆಗಿರಲಿಲ್ಲ. ಅಷ್ಟಕ್ಕೇ ಕಟ್ಟಡ ಸೋತಿತ್ತು. ಅದಕ್ಕೆ ಕಂಬ ತೊಲೆಗಳ ಚೌಕಟ್ಟೇ ಇರಲಿಲ್ಲ. ಕಾರ್ಖಾನೆಯಲ್ಲಿ ಎರಕ ಹೊಯ್ದ ಕಾಂಕ್ರೀಟ್ ಹಲಗೆಗಳನ್ನು ಇಸ್ಪೀಟೆಲೆಗಳ ಹಾಗೆ ಒಂದರ ಮೇಲೊಂದು ನಿಲ್ಲಿಸಿ ಕಟ್ಟಿದ್ದರು.

ಅನಿಲ ಸೋರಿದ್ದು ಎಲ್ಲಿಂದ? ಒಲೆಯ ಮೆತುಕೊಳವೆಯನ್ನು ಅನಿಲದ ಪೈಪಿಗೆ ಸೇರಿಸುವ ಹಿತ್ತಾಳೆಯ ನಟ್ಟಿನಿಂದ. ಅದರ ಅಂಚು ಇರಬೇಕಾದಷ್ಟು ದಪ್ಪ ಇರಲಿಲ್ಲ, ಸಾಲದ್ದಕ್ಕೆ ವಿಪರೀತ ತೇಯ್ದಿತ್ತು. ಆದರೆ ಅದು ಮುರಿದದ್ದು ಸ್ಫೋಟಕ್ಕೆ ಮುಂಚೆಯೋ ಆಮೇಲೋ? ಅದೇ ಬಗೆಯ ನಟ್ಟನ್ನು ಪರೀಕ್ಷೆಗೊಡ್ಡಿ ಎಳೆದು ನೋಡಿದರು. ನಟ್ಟು ಮುರಿಯಲು ಬೇಕಾದ ಬಲಕ್ಕಿಂತ ಎಷ್ಟೋ ಕಡಿಮೆ ಬಲಕ್ಕೇ ಕೊಳವೆ ಕೆಟ್ಟುಹೋಗಬೇಕಾಗಿತ್ತು. ಎಂದಮೇಲೆ ನಟ್ಟು ಮೊದಲೇ ಬಿರುಕು ಬಿಟ್ಟಿತ್ತು: ಒಲೆ ಜೋಡಿಸುವಾಗ ಸ್ಪ್ಯಾನರಿನಲ್ಲಿ ಅತಿಯಾಗಿ ಬಿಗಿದದ್ದರಿಂದ. ಸಡಿಲ ಬಿಟ್ಟರೆ ಸೋರುತ್ತದೆಂದು ಎಲ್ಲರಿಗೂ ಗೊತ್ತು, ಬಿಗಿ ಹೆಚ್ಚಾದರೂ ಸೋರುತ್ತದೆ ಎಂಬುದು ಕೆಲಸ ಕಲಿತವನಿಗಷ್ಟೇ ಗೊತ್ತು. ಒಲೆಯಲ್ಲಂತೂ ಯಾವ ದೋಷವೂ ಇರಲಿಲ್ಲ. ಸ್ಫೋಟದಲ್ಲೂ ಕೆಡದ ಅದನ್ನೇ ಆ ಮಹಿಳೆ ಮುಂದೆ ತಮ್ಮ ಹೊಸ ಮನೆಗೆ ಒಯ್ದರು.

ಇಷ್ಟಾದ ಮೇಲೆ ಬ್ರಿಟನ್ ಏನು ಮಾಡಿತು ಎನ್ನುವುದೇ ಈ ಕಥೆಯ ಸ್ವಾರಸ್ಯ. 1970ರಲ್ಲೇ ಕಟ್ಟಡ ನಿಯಮಗಳು ಬದಲಾದವು: ಎತ್ತರದ ಕಟ್ಟಡದಲ್ಲಿ ಒಂದು ಭಾಗ ಹೋದರೆ ಉಳಿದದ್ದೂ ಸಾಲಾಗಿ ಕುಸಿಯಬಾರದು. ಜಗತ್ತಿನ ಎಂಜಿನಿಯರುಗಳು ಇಂದಿಗೂ ಈ ಪಾಠ ಓದುತ್ತಾರೆ. ಸ್ಪ್ಯಾನರ್ ಹಿಡಿದ ಕೈಯ ವಿಷಯದಲ್ಲಿ ಮಾತ್ರ ಇಷ್ಟು ಅವಸರ ಕಾಣಲಿಲ್ಲ. ಅನಿಲ ಜೋಡಿಸುವವರ ನೋಂದಣಿಗೆ ‘ಕೋರ್ಗಿ’ ಎಂಬ ಸಂಸ್ಥೆ 1970ರಲ್ಲೇ ಹುಟ್ಟಿತು, ನಿಜ. ಆದರೆ ಇಷ್ಟವಿದ್ದವರು ಸೇರಬಹುದಿತ್ತು, ಇಲ್ಲದವರು ಹೊರಗಿರಬಹುದಿತ್ತು. ನೋಂದಣಿ ಕಡ್ಡಾಯವಾದದ್ದು 1991ರಲ್ಲಿ. ಗೋಡೆಗೆ ಎರಡು ವರ್ಷ, ನಟ್ಟಿಗೆ ಇಪ್ಪತ್ತಮೂರು! 2009ರಿಂದ ಈ ಕೆಲಸ ‘ಗ್ಯಾಸ್ ಸೇಫ್ ರಿಜಿಸ್ಟರ್’ನ ಪಾಲಿಗೆ ಬಂದಿದೆ. ದುರಸ್ತಿಯಾಗಿ ನಿಂತಿದ್ದ ರೋನನ್ ಪಾಯಿಂಟನ್ನು 1986ರಲ್ಲಿ ಒಂದೊಂದೇ ಮಹಡಿಯಾಗಿ ಬಿಚ್ಚಿದಾಗ, ಹಲಗೆಗಳ ಸಂದುಗಳಲ್ಲಿ ಗಾರೆಯ ಬದಲು ಹಳೆಯ ಪತ್ರಿಕೆಯ ಕಾಗದ ತುರುಕಿದ್ದೂ ಕಂಡುಬಂತು.

ಅಪಾಯ ಇರುವುದು ಜೋಡಣೆಯಲ್ಲಿ ಎಂಬುದಕ್ಕೆ ಇನ್ನೂ ಹಳೆಯ ಸಾಕ್ಷಿ ಅಮೆರಿಕದ ಟೆಕ್ಸಾಸಿನಲ್ಲಿದೆ. ನ್ಯೂ ಲಂಡನ್ ಎಂಬ ಊರಿನ ಶಾಲೆಯವರು ಖರ್ಚು ಉಳಿಸಲೆಂದು, ತೈಲ ಕಂಪನಿಯ ಬೇಡದ ಅನಿಲ ಹೋಗುವ ಪೈಪಿಗೆ ತಮ್ಮದೊಂದು ಪೈಪು ಸೇರಿಸಿಕೊಂಡಿದ್ದರು. 1937ರ ಮಾರ್ಚ್ 18ರಂದು ನೆಲದಡಿ ತುಂಬಿದ್ದ ಅನಿಲ ಸಿಡಿದು ಮಕ್ಕಳೂ ಶಿಕ್ಷಕರೂ ಸೇರಿ ಸುಮಾರು 300 ಮಂದಿ ಸತ್ತರು. ಆ ಅನಿಲಕ್ಕೆ ವಾಸನೆ ಇರಲಿಲ್ಲ, ಸೋರಿಕೆ ಯಾರಿಗೂ ತಿಳಿಯಲಿಲ್ಲ. ವಾಸನೆಯ ವಸ್ತು ಬೆರೆಸಲೇಬೇಕೆಂದು ಟೆಕ್ಸಾಸ್ ಅದೇ ವರ್ಷ ಕಾನೂನು ಮಾಡಿತು. ನಮ್ಮ ಸಿಲಿಂಡರಿನ ಅನಿಲವೂ ಹುಟ್ಟಿನಿಂದ ವಾಸನೆ ಇಲ್ಲದ್ದೇ. ನಾವು ‘ಗ್ಯಾಸ್ ವಾಸನೆ’ ಎನ್ನುವುದು ಅದಕ್ಕೆ ಬೆರೆಸಿದ ಮರ್ಕ್ಯಾಪ್ಟನ್ನಿನದು.

ನಮ್ಮ ದೇಶದಲ್ಲಿ ಇಂಡೇನ್ ತನ್ನ ಮೊದಲ ಸಂಪರ್ಕ ಕೊಟ್ಟದ್ದು 1965ರಲ್ಲಿ, ಕಲ್ಕತ್ತೆಯಲ್ಲಿ. ಲಂಡನ್ನಿನವರು ಆಗ ಉರಿಸುತ್ತಿದ್ದದ್ದು ಕಲ್ಲಿದ್ದಲಿನಿಂದ ತೆಗೆದ, ಗಾಳಿಗಿಂತ ಹಗುರವಾದ ಅನಿಲ, ಅದು ಮೇಲಕ್ಕೇರುತ್ತದೆ. ನಮ್ಮ ಸಿಲಿಂಡರಿನದು ಗಾಳಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಭಾರ, ನೀರಿನಂತೆ ನೆಲದ ಮೇಲೆ ಹರಡಿ ತಗ್ಗು ಹುಡುಕುತ್ತದೆ. ಸಿಲಿಂಡರನ್ನು ಹಳ್ಳದಲ್ಲಿಡಬಾರದು, ಒಲೆ ಅದಕ್ಕಿಂತ ಎತ್ತರದ ಕಟ್ಟೆಯ ಮೇಲಿರಬೇಕು ಎನ್ನುವ ನಿಯಮಗಳಿರುವುದು ಇದಕ್ಕೇ. ಮೇಲಿನ ಕಿಟಕಿಯೊಂದೇ ಸಾಲದು, ನೆಲಮಟ್ಟದಲ್ಲೂ ಗಾಳಿಗೆ ದಾರಿ ಬೇಕು.

ಈಚೆಗೆ ಅಡುಗೆಮನೆಗಳು ಅಂದವಾಗಿವೆ. ಸಿಲಿಂಡರು ಕಣ್ಣಿಗೆ ಬೀಳಬಾರದೆಂದು ಅದನ್ನು ಬೀರುವಿನೊಳಗೆ ಮುಚ್ಚಿಡುವುದು, ಗೋಡೆ ಕೊರೆದು ಟ್ಯೂಬನ್ನು ತೂತಿನೊಳಗೆ ನುಗ್ಗಿಸುವುದು ಈಗ ಮಾಮೂಲು. ಹೀಗೆ ಮರೆಯಾದ ಟ್ಯೂಬಿನ ಬಿರುಕನ್ನು ನೋಡುವವರು ಯಾರು? ಬರಿಯ ರಬ್ಬರಿನ ಜಾಗಕ್ಕೆ ಉಕ್ಕಿನ ತಂತಿಯ ಬಲ ಕೊಟ್ಟ ಕಿತ್ತಳೆ ಬಣ್ಣದ ‘ಸುರಕ್ಷಾ’ ಟ್ಯೂಬ್ ಬಂದಿದೆ, ಅದನ್ನೂ ಐದು ವರ್ಷಕ್ಕೊಮ್ಮೆ ಬದಲಿಸಬೇಕು. ನನಗೆ ಗೊತ್ತಿರುವ ಹತ್ತು ಮನೆಗಳಲ್ಲಿ ಎಂಟರಲ್ಲಿ ಆ ಟ್ಯೂಬ್ ಹಾಕಿದ್ದು ಯಾವಾಗ ಎಂದರೆ ಗಂಡ ಹೆಂಡಿರು ಮುಖ ಮುಖ ನೋಡಿಕೊಳ್ಳುತ್ತಾರೆ.

ಟ್ಯೂಬ್ ಹಾಕಿದ ಮೇಲೆ ರೆಗ್ಯುಲೇಟರಿನ ಕಡೆಗೂ ಒಲೆಯ ಕಡೆಗೂ ಸೋಪಿನ ನೀರು ಸವರಬೇಕು. ಗುಳ್ಳೆ ಎದ್ದರೆ ಅಲ್ಲಿ ಸೋರುತ್ತಿದೆ. ಕೂಡಲೇ ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ದೀಪದ ಸ್ವಿಚ್ಚನ್ನು ಮುಟ್ಟದೆ ಡೀಲರಿನ ಮೆಕ್ಯಾನಿಕನಿಗೆ ಹೇಳಿಕಳಿಸಬೇಕು. ಬೆಂಕಿಕಡ್ಡಿ ಗೀರಿ ಸೋರಿಕೆ ಪರೀಕ್ಷಿಸುವ ಧೈರ್ಯವಂತರೂ ನಮ್ಮಲ್ಲಿದ್ದಾರೆ.