ಕೆಟ್ಟ ಮೇಲೆ ಬಂದ ಸುತ್ತೋಲೆ

ಬ್ಯಾಂಕಿನವರಿಗೆ ಇದು ಹೊಸದಲ್ಲ. ಸುತ್ತೋಲೆ ಬಂದಿರುತ್ತೆ, ಫೈಲಿನಲ್ಲಿ ಭದ್ರವಾಗಿಯೂ ಇರುತ್ತೆ. ಕೌಂಟರಿನಲ್ಲಿ ಕೂತವನಿಗೆ ಅದು ಗೊತ್ತಾಗೋದು ಗ್ರಾಹಕರು ಜಗಳಕ್ಕೆ ನಿಂತಾಗಲೇ! ತಂತ್ರಾಂಶದ ಲೋಕಕ್ಕೂ ಇದೇ ರೋಗ ಇತ್ತು. ಅದಕ್ಕೆ ಜೆಂಟೂ ಲಿನಕ್ಸ್‌ನವರು ಮದ್ದು ಹುಡುಕಿದ ಕಥೆ ನನಗೆ ಬಹಳ ಇಷ್ಟ.

ಜೆಂಟೂ ಬಳಸುವವರು ಆಗ ತಂತ್ರಾಂಶದ ಮೂಲಪಠ್ಯವನ್ನು ಇಳಿಸಿಕೊಂಡು ತಮ್ಮ ಯಂತ್ರದಲ್ಲೇ ಕಂಪೈಲ್ ಮಾಡಿಕೊಳ್ಳುತ್ತಿದ್ದರು. ಹತ್ತಾರು ಪ್ಯಾಕೇಜುಗಳಿದ್ದರೆ ಗಂಟೆಗಟ್ಟಲೆ ಕೆಲಸ. ಎಚ್ಚರಿಕೆಯ ಮಾತೇನಿದ್ದರೂ ಪ್ಯಾಕೇಜ್ ಸ್ಥಾಪನೆಯಾದ ಮೇಲೆ ತೆರೆಯ ಮೇಲೆ ಮೂಡಿ, ಮುಂದಿನದರ ಸಾಲುಗಳ ಪ್ರವಾಹದಲ್ಲಿ ಕೊಚ್ಚಿಹೋಗುತ್ತಿತ್ತು.

ಇದರಿಂದ ಏನಾಗುತ್ತಿತ್ತು ಅಂತೀರಾ? ಮೈಎಸ್‌ಕ್ಯುಎಲ್ 4.1 ನೋಡಿ. ಅದರಲ್ಲಿ ಪಾಸ್‌ವರ್ಡ್ ಕಾಪಿಡುವ ರೀತಿಯೇ ಬದಲಾಯಿತು. ಹೊಸ ರೀತಿಯ ಪಾಸ್‌ವರ್ಡ್ ಇರುವ ಖಾತೆಗೆ ಹಳೆಯ ಪ್ರೋಗ್ರಾಮುಗಳು ಪ್ರವೇಶಿಸಲಾರವು. ಡೇಟಾಬೇಸ್ ನಂಬಿದ ಜಾಲತಾಣ ಬಾಗಿಲು ಹಾಕಿಕೊಂಡ ಹಾಗೆಯೇ. ಜಿಸಿಸಿ 3.4 ಬಂದಾಗಲೂ ತಾಪತ್ರಯ: ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದದ್ದನ್ನೆಲ್ಲ ಮತ್ತೆ ಕಂಪೈಲ್ ಮಾಡಬೇಕು.

ಹಾಗಂತ ಯಾರೂ ಹೇಳಿರಲಿಲ್ಲ ಎಂದಲ್ಲ. ವಾರಪತ್ರಿಕೆ, ಮೇಲಿಂಗ್ ಲಿಸ್ಟ್, ಜಾಲತಾಣ ಎಲ್ಲವೂ ಇದ್ದವು. ಆದರೆ ಅಲ್ಲಿಗೆ ಬಳಕೆದಾರನೇ ಹೋಗಿ ನೋಡಬೇಕಿತ್ತು.

2005ರಲ್ಲಿ ಸಿಯಾರನ್ ಮೆಕ್‌ಕ್ರೀಶ್ ಎಂಬುವರು ಗ್ಲೆಪ್ 42 ಎಂಬ ಪ್ರಸ್ತಾವ ಬರೆದರು. ಸೂಚನೆ ಹಾನಿಗೆ ಮುಂಚೆ ತಲುಪಬೇಕು, ಅದಕ್ಕಾಗಿ ಯಾರೂ ಚಂದಾದಾರರಾಗಬೇಕಿಲ್ಲ, ಸಂಬಂಧಪಟ್ಟವರಿಗಷ್ಟೇ ಕಾಣಬೇಕು ಅನ್ನೋದು ಅದರ ಸಾರ. ಪ್ಯಾಕೇಜುಗಳ ಪಟ್ಟಿಯ ಜೊತೆಗೇ ಪುಟ್ಟ ಸುದ್ದಿ ಕಡತಗಳೂ ಎಲ್ಲರ ಯಂತ್ರಕ್ಕೆ ಬರುತ್ತವೆ. ‘ಈ ಪ್ಯಾಕೇಜ್ ಇದ್ದರೆ ಮಾತ್ರ ತೋರಿಸು’ ಎಂದು ಕಡತದ ತಲೆಯಲ್ಲೇ ಬರೆಯಬಹುದು. ಆಯ್ಕೆ ನಡೆಯುವುದು ನಮ್ಮ ಯಂತ್ರದಲ್ಲೇ, ಆದ್ದರಿಂದ ನಮ್ಮಲ್ಲಿ ಏನೇನಿದೆ ಅಂತ ಹೊರಗಿನವರಿಗೆ ಹೇಳಬೇಕಾಗಿಯೇ ಇಲ್ಲ. ಗ್ರಾಹಕರ ಗುಟ್ಟು ಕಾಯುವ ಕಸುಬಿನವನಾದ ನನಗೆ ಈ ಉಪಾಯ ಮೆಚ್ಚುಗೆಯಾಯಿತು. ಓದಬೇಕಾದ ಸುದ್ದಿ ಇದೆ ಎಂದು ಪೋರ್ಟೇಜ್ ತಾನೇ ನೆನಪಿಸುತ್ತದೆ.

ಒಂದೇ ಕೊರತೆ: ಅದು ನೆನಪಿಸುತ್ತದೆ ಅಷ್ಟೇ, ತಡೆಯುವುದಿಲ್ಲ. ಡೆಬಿಯನ್‌ನ ಆಪ್ಟ್-ಲಿಸ್ಟ್‌ಚೇಂಜಸ್ ಬದಲಾವಣೆಗಳನ್ನು ಮೊದಲು ತೋರಿಸಿ, ನಾವು ಹಾಗೆ ಹೊಂದಿಸಿಟ್ಟಿದ್ದರೆ, ಮುಂದುವರಿಯಲೇ ಎಂದು ಕೇಳಿಯೇ ಹೆಜ್ಜೆ ಇಡುತ್ತದೆ. ನನ್ನ ಓಟು ಅದಕ್ಕೆ.