ಪಾವಿಟ್ಟಗೆಯಿಂದ ಸಾಲೋಟಗಿ: ಒಂದು ವಿದ್ಯಾಸ್ಥಾನ ಮತ್ತು ಅದರ ಊರಿನ ಹೆಸರು

ಸ್ಪೇನಿನ ಸಾಲಮಾಂಕಾ ವಿಶ್ವವಿದ್ಯಾಲಯವು 1218ರಲ್ಲಿ ಸ್ಥಾಪಿತವಾದಾಗ ಊರಿನ ಹೆಸರನ್ನು ತಾಳಿತು. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ಇದಕ್ಕೆ ವಿಪರೀತವಾದುದು ನಡೆದಿದೆ. ಅಲ್ಲಿ ವಿದ್ಯಾಸ್ಥಾನವೇ ಊರಿನ ಹೆಸರಿನೊಳಗೆ ಸೇರಿಕೊಂಡಿದೆ.

ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಶಕ 867ರ (ಕ್ರಿ.ಶ. 945) ಸಂಸ್ಕೃತ ಸ್ತಂಭಶಾಸನವು ಈ ಊರನ್ನು ಪಾವಿಟ್ಟಗೆ ಎಂದು ಕರೆಯುತ್ತದೆ. ಅರಸನ ಮಂತ್ರಿ ನಾರಾಯಣನು ಇಲ್ಲಿ ಶಾಲೆಯೊಂದನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ 27 ವಸತಿಗಳೂ 500 ನಿವರ್ತನ ಭೂಮಿಯೂ ದತ್ತವಾದವು; ದೀಪಕ್ಕೆಂದೇ ಬೇರೆ 12 ನಿವರ್ತನ. ಇದಕ್ಕಿಂತಲೂ ನಮ್ಮ ಗಮನ ಸೆಳೆಯುವುದು ಊರಿನ ಬ್ರಾಹ್ಮಣ ಕುಟುಂಬಗಳು ಸಲ್ಲಿಸಬೇಕಾಗಿದ್ದ ಕಾಣಿಕೆ: ಮದುವೆಗೆ 5 ನಾಣ್ಯ, ಉಪನಯನಕ್ಕೆ ಅದರರ್ಧ, ಚೌಲಕ್ಕೆ ಮತ್ತೆ ಅದರರ್ಧ. ಮನೆಯ ಶುಭಕಾರ್ಯದೊಡನೆ ಹೀಗೆ ಹೆಣೆದುಕೊಂಡ ಶಾಲೆ ಊರಿನ ಹೆಸರಿಗೂ ಅಂಟಿಕೊಂಡುದರಲ್ಲಿ ಆಶ್ಚರ್ಯವಿಲ್ಲ.

'ಶಾಲೆ' ಮತ್ತು 'ಪಾವಿಟ್ಟಗೆ' ಕೂಡಿ ಸಾಲೋಟಗಿಯಾಯಿತೆಂಬುದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿರುವ ವಿವರಣೆ. ಅದರ ಧ್ವನಿಕ್ರಮವನ್ನು ಮಾತ್ರ ಬಿಡಿಸಿ ನೋಡಬೇಕಾಗಿದೆ. ಸಮಾಸದ ಉತ್ತರಪದದ ಆದಿ ಪಕಾರವು ವಕಾರವಾಗುವುದು 'ಕೆನೆವಾಲು' ಎಂಬಲ್ಲಿ ಕಾಣುವ ಆದೇಶವೇ ಆಗಿದೆ. ಬಳಿಕ ವಕಾರಗಳು ಸವೆದು ಸ್ವರಗಳು ಓಕಾರವಾಗಿ ಕೂಡಿರಬೇಕು. ಶಕಾರವು ಸಕಾರವಾಗುವುದಕ್ಕೂ ಪದಾಂತ್ಯದ ಎಕಾರವು ಇಕಾರವಾಗುವುದಕ್ಕೂ ದೂರ ಹೋಗಬೇಕಿಲ್ಲ. ವಿಜಯಪುರ, ತಿಕೋಟಾ, ಬಬಲೇಶ್ವರ ಭಾಗದ ಆಡುಮಾತಿನಲ್ಲಿ ಮಕ್ಕಳು ಇಂದಿಗೂ ಹೋಗುವುದು 'ಸಾಲಿ'ಗೆ, ಮರಳುವುದು 'ಮನಿ'ಗೆ. ದುರ್ಬಲವಾದ ಕೊಂಡಿ ಟ್ಟಕಾರದ್ದು. ದೀರ್ಘವಾದ ಓಕಾರದ ಮುಂದೆ ದ್ವಿತ್ವ ಸಡಿಲಿತೆಂದು ನಾವು ಭಾವಿಸುತ್ತೇವೆ, ಆದರೆ ಇದನ್ನು ಊಹೆಯೆಂದೇ ಇರಿಸುತ್ತೇವೆ.

ಈ ಸಂಸ್ಥೆಯನ್ನು 'ಪ್ರಾಚೀನ ವಿಶ್ವವಿದ್ಯಾಲಯ'ವೆನ್ನುವ ರೂಢಿ ಪ್ರಬಲವಾಗಿದೆ. ಅಭಿಮಾನ ಸಹಜವಾದರೂ ನಮಗೆ ಅದು ಒಪ್ಪಿತವಲ್ಲ. ಸಾಲಮಾಂಕಾದ ಮಾದರಿಯ ಪದವಿಪ್ರದಾನವನ್ನು ಪಾವಿಟ್ಟಗೆಯ ಮೇಲೆ ಹೊರಿಸಿದಂತಾಗುತ್ತದೆ. ಸಂಸ್ಕೃತದ 'ಶಾಲಾ' ಮೂಲತಃ ಕಟ್ಟಡವನ್ನು, ವಿಶಾಲವಾದ ಮಂಟಪವನ್ನು ಸೂಚಿಸುವ ಶಬ್ದ. ಅಶ್ವಶಾಲೆ, ಪಾಕಶಾಲೆಗಳಲ್ಲಿ ಅದೇ ಅರ್ಥ ಉಳಿದಿದೆ. ಕನ್ನಡದಲ್ಲಿ ವಿಶೇಷಣವಿಲ್ಲದೆ ಬಂದ 'ಶಾಲೆ'ಗೆ ಓದುವ ಸ್ಥಳವೆಂಬ ಅರ್ಥ ನೆಲೆಗೊಂಡ ಬಗೆಯನ್ನು ಅರಸುವವರು ಈ ಊರಿನ ಹೆಸರನ್ನೂ ಸಾಕ್ಷಿಗಳ ಸಾಲಿನಲ್ಲಿ ಸೇರಿಸಿಕೊಳ್ಳಬೇಕು.