ನೌಕಾನಿರ್ಮಾಣಶಾಲೆಗಳ ಅವನತಿಯೂ ವೇತನವಿವಾದವೂ

ಗುಲ್ವಾಡಿಯ ನೆರೆಯ ಬಸರೂರು ಪೂರ್ವಕಾಲದಲ್ಲಿ ನೌಕಾವ್ಯಾಪಾರಕ್ಕೆ ಹೆಸರಾಗಿದ್ದ ಪಟ್ಟಣ. 1665ರಲ್ಲಿ ಶಿವಾಜಿಯು ಸಮುದ್ರಮಾರ್ಗವಾಗಿ ಬಂದು ಅದನ್ನು ಸೂರೆಗೊಂಡುದು ವಾಚಕರಿಗೆ ವಿದಿತವೇ ಇದೆ. ಅದೇ ಕರಾವಳಿಯ ಮಲ್ಪೆಯಲ್ಲಿ ನಮ್ಮ ಕಾಲದಲ್ಲಿ ಸಂಭವಿಸಿದ ಒಂದು ಅವನತಿಯನ್ನು ಪ್ರಕೃತ ವಿಚಾರಿಸತಕ್ಕದ್ದಾಗಿದೆ.

1984ರಲ್ಲಿ ಸ್ಥಾಪಿತವಾದ ಚೆನ್ನೈಯ ಟೆಬ್ಮಾ ಶಿಪ್‌ಯಾರ್ಡ್ಸ್ ಸಂಸ್ಥೆಯು ಮಲ್ಪೆಯಲ್ಲಿಯೂ ಹಡಗು ಕಟ್ಟುತ್ತಿತ್ತು. ಸರಕಾರವು ಈ ಉದ್ಯಮಕ್ಕೆ ಕೊಡುತ್ತಿದ್ದ ಶೇಕಡ 30ರ ಸಹಾಯಧನದ ಅವಧಿ 2007ರ ಆಗಸ್ಟಿನಲ್ಲಿ ಮುಗಿಯಿತು. ಮರುವರ್ಷವೇ ಲೋಕವ್ಯಾಪಿಯಾದ ಹಣದ ಮುಗ್ಗಟ್ಟಿನಿಂದ ಹಡಗುಗಳ ಬೇಡಿಕೆ ಕುಸಿಯಿತು. ಸಾಲವನ್ನೇ ನೆಚ್ಚಿದ್ದ ಖಾಸಗಿ ಸಂಸ್ಥೆಗಳು ಕಂಗೆಟ್ಟವು. ಟೆಬ್ಮಾದ ಅಧಿಕಾಂಶದ ಒಡೆತನ ವಹಿಸಿದ್ದ ಭಾರತಿ ಶಿಪ್‌ಯಾರ್ಡ್, ಹೆಸರು ಬದಲಿಸಿಕೊಂಡ ಮೇಲೆ, 2019ರಲ್ಲಿ ವಿಸರ್ಜನೆಯ ಆಜ್ಞೆಗೆ ಗುರಿಯಾಯಿತು. ಗುಜರಾತಿನ ಎಬಿಜಿ ಶಿಪ್‌ಯಾರ್ಡಿಗೂ ಅದೇ ವರ್ಷ ಅದೇ ಗತಿಯೊದಗಿತು. ಟೆಬ್ಮಾವನ್ನು ಮಾತ್ರ 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ಕೊಂಡು ಉಳಿಸಿತು; 2022ರಲ್ಲಿ ಅದಕ್ಕೆ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂಬ ನಾಮಧೇಯವಾಯಿತು.

ಸಂಸ್ಥೆಯು ಕೈಬದಲಾಗಿ ಉಳಿಯಬಹುದು. ದುಡಿದವನ ಸಂಬಳದ ಗತಿಯೇನು? ಎಬಿಜಿಯ ಕಾರ್ಮಿಕರು ಈ ಪ್ರಶ್ನೆಯನ್ನು ಸರ್ವೋಚ್ಚ ನ್ಯಾಯಾಲಯದವರೆಗೂ ಒಯ್ದರು. 2022ರ ಏಪ್ರಿಲಿನಲ್ಲಿ ಬಂದ ತೀರ್ಪಿನ ಸಾರವಿದು: ದಿವಾಳಿಯ ವಿಚಾರಣೆಯ ಕಾಲದಲ್ಲಿ ಸಂಸ್ಥೆಯು ನಡೆಯುತ್ತಿದ್ದು, ತಾವು ವಸ್ತುತಃ ದುಡಿದೆವೆಂದು ಸಿದ್ಧಪಡಿಸಿದವರ ಆ ಕಾಲದ ವೇತನಕ್ಕೆ ಮಾತ್ರ ಅಗ್ರಸ್ಥಾನ, ಮಿಕ್ಕವರ ಬೇಡಿಕೆ ಕೆಳಗಿನ ಪಂಕ್ತಿಗೆ ಸೇರತಕ್ಕದ್ದು. ಭವಿಷ್ಯನಿಧಿ, ಗ್ರಾಚ್ಯುಯಿಟಿಗಳಾದರೋ ಸಾಲಿಗರಿಗೆ ಹಂಚುವ ಸ್ವತ್ತಿಗೆ ಸೇರವು.

ಈ ವಿವಾದವು ನೂತನವಲ್ಲ. ವೇತನಾದಾನವನ್ನು ಮನುವು ಹದಿನೆಂಟು ವ್ಯವಹಾರಪದಗಳಲ್ಲಿ ಒಂದಾಗಿ ಎಣಿಸಿದ್ದಾನೆ. ಕೆಲಸಕ್ಕೆ ಹಾಜರಾದವನಿಗೆ ಒಡೆಯನು ಕೆಲಸ ಕೊಡದಿದ್ದರೆ ಅದು ಮಾಡಿದಂತೆಯೇ ಎಂಬುದು ಪೂರ್ವಾಚಾರ್ಯರ ಮತವೆಂದು ಕೌಟಿಲ್ಯನು ಅರ್ಥಶಾಸ್ತ್ರದ ಧರ್ಮಸ್ಥೀಯಾಧಿಕರಣದಲ್ಲಿ ಹೇಳಿ, ಮಾಡಿದುದಕ್ಕಲ್ಲದೆ ಮಾಡದುದಕ್ಕೆ ವೇತನವಿಲ್ಲವೆಂದು ಅದನ್ನು ಖಂಡಿಸುತ್ತಾನೆ. ಇಷ್ಟರಮಟ್ಟಿಗೆ ಆಧುನಿಕ ತೀರ್ಪು ಅವನಿಗೆ ಸಮ್ಮತವೇ. ಆದರೆ ಅವನು ಅಲ್ಲಿಗೆ ನಿಲ್ಲುವುದಿಲ್ಲ: ಸ್ವಲ್ಪವಾದರೂ ಕೆಲಸ ಮಾಡಿಸಿ ಅನಂತರ ನಿಲ್ಲಿಸಿದರೆ, ಎಲ್ಲವೂ ಮಾಡಿದಂತೆಯೇ ಎಂದು ಭಾವಿಸಬೇಕೆನ್ನುತ್ತಾನೆ.

ಅರೆಕಟ್ಟಿದ ಹಡಗಿಗೆ ಈ ಎರಡನೆಯ ವಿಧಿಯೇ ಸಲ್ಲುವುದೆಂದು ನಮಗೆ ತೋರುತ್ತದೆ. ಅಲ್ಲಿ ಕೆಲಸವನ್ನು ಬಿಟ್ಟವನು ಬಡಗಿಯೂ ಅಲ್ಲ, ಕಮ್ಮಾರನೂ ಅಲ್ಲ. ಆದಕಾರಣ ಅವರ ಮೊರೆಯನ್ನು ದಾನಯಾಚನೆಯೆಂದೆಣಿಸದೆ ಋಣದ ಬೇಡಿಕೆಯೆಂದೇ ಗಣಿಸುವುದು ಶಾಸ್ತ್ರಕ್ಕೂ ಯುಕ್ತಿಗೂ ಒಪ್ಪುವಂತಹುದು.